ಪೋಷಕರಿಗೆ ಪತ್ರ: ‘ಖೋಡಿ’, ‘ಶಾಣ್ಯಾ’, ‘ಉಡಾಳ’ ಎಂಬ ಮಾತುಗಳ ಕುರಿತು

ಮಾನ್ಯ ಪೋಷಕರೇ,

ಕಳೆದ ವಾರ ಏಳನೆಯ ತರಗತಿಯ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದೊಯ್ದಿದ್ದೆವು. ಒಂದು ಮಾತನ್ನು ಏಳು ಸಲ ಮರಳಿಸುತ್ತದೆಂದು ಹೆಸರಾದ, 1656ರ ಆ ಗುಮ್ಮಟದೊಳಗೆ ನಿಂತು ಒಬ್ಬ ವಿದ್ಯಾರ್ಥಿ ತನ್ನ ಗೆಳೆಯನನ್ನು ‘ಏ ಹುಚ್ಚಪ್ಯಾಲಿ’ ಎಂದು ಕೂಗಿದ. ಗುಮ್ಮಟ ತನ್ನ ಕೆಲಸ ಮಾಡಿತು, ಬಂದ ಪ್ರವಾಸಿಗರೆಲ್ಲ ನಕ್ಕರು, ಕರೆಸಿಕೊಂಡ ಹುಡುಗ ಮಾತ್ರ ನಗಲಿಲ್ಲ. ಇಂತಹ ಮಾತುಗಳನ್ನು ಶಾಲೆಯಲ್ಲಿ ಪೂರ್ತಿಯಾಗಿ ನಿಷೇಧಿಸಬೇಕೆಂದು ಕೆಲವರು ಮರುದಿನವೇ ಬರೆದುಕೊಟ್ಟಿದ್ದಾರೆ.

ಪೂರ್ತಿ ನಿಷೇಧಿಸಲು ನನಗೆ ಮನಸ್ಸಿಲ್ಲ. ‘ಚಕ್ಕರ್ ಹೊಡೆಯುವುದು’, ‘ಮಸ್ಕಾ ಹೊಡೆಯುವುದು’, ‘ಕಾಗೆ ಹಾರಿಸುವುದು’ ಇವೆಲ್ಲ ಮಾಡಿದ ಕೆಲಸಕ್ಕೆ ಇಟ್ಟ ಹೆಸರುಗಳು. ಲೆಕ್ಕದ ವಹಿಯನ್ನು ಎಮ್ಮೆ ತಿಂದಿತೆಂದು ಹೇಳಿದವನಿಗೆ ‘ಕಾಗಿ ಹಾರಸಬ್ಯಾಡ’ ಎಂದರೆ ಅವನೂ ನಗುತ್ತಾನೆ, ಮರುದಿನ ಲೆಕ್ಕವನ್ನೂ ಮಾಡಿಕೊಂಡು ಬರುತ್ತಾನೆ. ನಾವು ಕಳಿಸುವ ನೋಟೀಸಿಗೆ ಅಷ್ಟು ಶಕ್ತಿಯಿಲ್ಲ.

ತೊಡಕಿರುವುದು ಮಗುವಿಗೇ ಅಂಟಿಕೊಳ್ಳುವ ಮಾತುಗಳಲ್ಲಿ. ‘ಖೋಡಿ’ ಎಂಬುದು ಮರಾಠಿಯಲ್ಲಿ ಕೀಟಲೆಯ ಹೆಸರು, ಅಂದರೆ ಒಂದು ಕೆಲಸದ ಹೆಸರು. ಅದು ನಮ್ಮ ಕಡೆಗೆ ಬರುವಷ್ಟರಲ್ಲಿ ಕೀಟಲೆಯನ್ನು ಬಿಟ್ಟು ಹುಡುಗನ ಹೆಗಲೇರಿ ಕುಳಿತಿದೆ. ‘ಶಾಣ್ಯಾ’, ಅಂದರೆ ಜಾಣ, ಇನ್ನೂ ವಿಚಿತ್ರವಾದದ್ದು. ‘ಭಾಳ ಶಾಣ್ಯಾ ಆಗಬ್ಯಾಡ’ ಎಂದು ಗದರಿಸಿದ ಬಾಯಿಯೇ ಫಲಿತಾಂಶದ ದಿನ ‘ನನ್ನ ಮಗ ಶಾಣ್ಯಾ’ ಎನ್ನುತ್ತದೆ, ಮಗು ಧ್ವನಿಯನ್ನು ನೋಡಿಯೇ ಅರ್ಥ ಹಿಡಿಯಬೇಕು. ಹಿಡಿಯುತ್ತದೆ ಕೂಡ. ಆದರೆ ಪ್ರೀತಿಯಿಂದಲೇ ‘ಉಡಾಳ’ (ಪುಂಡ) ಎಂದರೂ, ನಾಲ್ಕು ಜನರ ಮುಂದೆ ಅಂದಾಗ ಆ ಪ್ರೀತಿ ಕೇಳಿಸುವುದಿಲ್ಲ. ಕಳೆದ ವರ್ಷ ಪಾಲಕರ ಸಭೆಯಲ್ಲಿ ನಾನೇ ಒಬ್ಬನನ್ನು ತಮಾಷೆಗೆ ‘ಉಡಾಳರ ಸರದಾರ’ ಎಂದೆ. ಅವನು ಆ ಪದವಿಯನ್ನು ಆರು ತಿಂಗಳು ನಿಷ್ಠೆಯಿಂದ ನಿರ್ವಹಿಸಿದ. ತಪ್ಪು ನನ್ನದು.

ಮಕ್ಕಳು ಇವನ್ನೆಲ್ಲ ಶಾಲೆಯಲ್ಲೇ ಕಲಿಯುತ್ತಾರೆಂಬ ದೂರು ಅರ್ಧ ನಿಜ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಹತ್ತು ನಿಮಿಷ ನಿಂತರೆ, ಕರೆದೊಯ್ಯಲು ಬಂದವರ ಬಾಯಲ್ಲಿ ಉಳಿದರ್ಧ ಕೇಳಿಸುತ್ತದೆ. ಇನ್ನು ಮುಂದೆ ಶಿಕ್ಷಕರು ಯಾವ ಮಗುವನ್ನೂ ಇಂತಹ ಹೆಸರಿನಿಂದ ಕರೆಯುವುದಿಲ್ಲ. ಗೇಟಿನವರೆಗಾದರೂ ತಾವೂ ಹಾಗೆಯೇ ನಡೆದುಕೊಳ್ಳಬೇಕೆಂದು ವಿನಂತಿ.

ಮಾತುಗಳನ್ನು ಮಾತ್ರ ನಾವು ಬಿಟ್ಟುಕೊಡುವುದಿಲ್ಲ. ಈ ತಿಂಗಳ ಕೊನೆಯ ಶನಿವಾರ ಪ್ರತಿ ಮಗುವೂ ಮನೆಯ ಹಿರಿಯರಿಂದ ಇಂತಹ ಐದು ಮಾತುಗಳನ್ನು ಕೇಳಿ, ಅರ್ಥ ಸಮೇತ ಬರೆದು ತರಬೇಕು. ಯಾರನ್ನು ಕುರಿತು ಅಂದದ್ದೆಂದು ಬರೆಯುವಂತಿಲ್ಲ. ತಂದೆಯವರ ಬಾಲ್ಯದ ಬಗ್ಗೆ ಅಜ್ಜಿ ಹೇಳುವುದನ್ನು ತಂದೆಯವರ ಒಪ್ಪಿಗೆ ಪಡೆದೇ ಸೇರಿಸಬೇಕು.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು
ವಿಜಯಪುರ