ಊದಿ ಕೊಟ್ಟ ಎಲ್ಲರಿಗೂ

ಹೋದ ವಾರ ನನ್ನ ಪೇಪರ್‌ಗಳ ಒಟ್ಟು ಸೈಟೇಶನ್ 1000 ದಾಟಿತು. ನಾನು ಬರೆದ, ಇಲ್ಲವೇ ಬರೆಯುವುದರಲ್ಲಿ ಕೈ ಜೋಡಿಸಿದ ಸಂಶೋಧನಾ ಲೇಖನಗಳನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಅಷ್ಟು ಸಲ ಹೆಸರಿಸಿದ್ದಾರೆ ಅಂತ ಅರ್ಥ. ಗೆಳೆಯರು, ಹಳೆಯ ಸಹೋದ್ಯೋಗಿಗಳು, ನನ್ನ ಹತ್ತಿರ ಕಲಿತು ಹೋದ ಹುಡುಗರು, ಎಲ್ಲರೂ ಸಂದೇಶ ಕಳಿಸಿದರು. ತುಂಬಾ ಖುಷಿಯಾಯಿತು. ಒಬ್ಬೊಬ್ಬರಿಗೂ ಉತ್ತರ ಬರೆದೆ.

ಆದರೆ ನಾನು ಮೊದಲು ಥ್ಯಾಂಕ್ಸ್ ಹೇಳಬೇಕಾದವರಲ್ಲಿ ಹೆಚ್ಚಿನವರ ವಿಳಾಸ ನನ್ನ ಬಳಿ ಇಲ್ಲ. ಹೆಸರೂ ಇಲ್ಲ. ಇರಲೂಬಾರದು, ನಮ್ಮ ಕೆಲಸದ ನಿಯಮವೇ ಹಾಗೆ. ನನ್ನ ಮಟ್ಟಿಗೆ ಅವರಿಗೆಲ್ಲ ಒಂದೊಂದು ನಂಬರ್ ಇದೆ, ಅಷ್ಟೇ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಅವರಲ್ಲಿ ಒಬ್ಬರ ಕಣ್ಣಿಗಾದರೂ ಬೀಳಲಿ.

ಶ್ವಾಸಕೋಶದ ಕಾಯಿಲೆಗಳ ಹಿಂದಿರುವ ಜೀನ್‌ಗಳನ್ನು ಹುಡುಕುವುದು ನನ್ನ ಕೆಲಸ. ಒಂದೇ ಮನೆಯಲ್ಲಿ, ಒಂದೇ ಗಾಳಿಯಲ್ಲಿ ಬೆಳೆದ ಅಣ್ಣ ತಮ್ಮಂದಿರಲ್ಲಿ ಒಬ್ಬನಿಗೆ ದಮ್ಮು ಬರುತ್ತದೆ, ಇನ್ನೊಬ್ಬನಿಗೆ ಏನೂ ಆಗುವುದಿಲ್ಲ. ಮೂವತ್ತು ವರ್ಷ ಸಿಗರೇಟು ಸೇದಿದವರಲ್ಲೂ ಕೆಲವರ ಶ್ವಾಸಕೋಶ ಬೇಗ ಸೋತುಹೋಗುತ್ತದೆ, ಕೆಲವರದು ತಡೆದುಕೊಳ್ಳುತ್ತದೆ. ಇದರಲ್ಲಿ ಹುಟ್ಟಿನಿಂದ ಬಂದದ್ದು ಎಷ್ಟು, ಅದು ಡಿಎನ್‌ಎಯ ಯಾವ ಜಾಗದಲ್ಲಿ ಕೂತಿದೆ ಅಂತ ನೋಡುತ್ತೇವೆ. ಅದಕ್ಕೆ ಜನರಿಂದ ಎರಡು ಬೇಕು. ಒಂದು ರಕ್ತ, ಇನ್ನೊಂದು ಉಸಿರು. ರಕ್ತ ಕೊಡುವುದು ಸುಲಭ. ಉಸಿರು ಕೊಡುವುದೇ ಕಷ್ಟ.

ಸ್ಪೈರೋಮೆಟ್ರಿ, ಅಂದರೆ ಉಸಿರನ್ನು ಅಳೆಯುವ ಪರೀಕ್ಷೆ, ಮಾಡಿಸಿಕೊಂಡವರಿಗೆ ಗೊತ್ತು, ಅದು ಸುಮ್ನೆ ಊದುವುದಲ್ಲ. ಮೂಗಿಗೆ ಕ್ಲಿಪ್ ಹಾಕುತ್ತಾರೆ. ಕೊಳವೆಯನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿಯಬೇಕು. ಎದೆ ತುಂಬ ಗಾಳಿ ಎಳೆದುಕೊಂಡು ಒಮ್ಮೆಲೇ ಜೋರಾಗಿ ಬಿಡಬೇಕು. ಅಷ್ಟಕ್ಕೆ ಮುಗಿಯಲಿಲ್ಲ. ಒಳಗೆ ಇನ್ನೇನೂ ಉಳಿದಿಲ್ಲ ಅನ್ನಿಸಿದ ಮೇಲೂ ಊದುತ್ತಲೇ ಇರಬೇಕು. ಕಣ್ಣಲ್ಲಿ ನೀರು ಬರುತ್ತದೆ, ತಲೆ ಗಿರ್ ಅನ್ನುತ್ತದೆ. ಹೀಗೆ ಕನಿಷ್ಠ 3 ಸಲ ಸರಿಯಾಗಿ ಬರಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅನ್ನುವುದು ಮುಖ್ಯ ಲೆಕ್ಕ. ಎಲ್ಲಕ್ಕಿಂತ ಚೆನ್ನಾಗಿ ಬಂದ ಎರಡು ಲೆಕ್ಕಗಳ ನಡುವೆ 150 ಮಿಲಿಲೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಇದ್ದರೆ ಮತ್ತೆ ಊದಬೇಕು. ಚೆನ್ನಾಗಿರುವ ನನಗೇ ಸುಸ್ತಾಗುತ್ತದೆ. ಮೆಟ್ಟಿಲು ಹತ್ತಲೂ ಆಗದವರು ನಮಗೋಸ್ಕರ ಅದನ್ನು ಮಾಡಿ ಕೊಟ್ಟಿದ್ದಾರೆ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ದಿನ ಪರೀಕ್ಷೆಯ ಕೋಣೆಯ ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗುತ್ತಾ ಹೋಗುವ ಶ್ವಾಸಕೋಶದ ಕಾಯಿಲೆ, ಇದ್ದ ವಯಸ್ಸಾದ ಒಬ್ಬ ಅಮ್ಮ ಬಂದಿದ್ದರು. ನಾಲ್ಕು ಸಲ ಊದಿದರು. ನಾಲ್ಕು ಸಲವೂ ಅರ್ಧಕ್ಕೇ ಕೆಮ್ಮು ಬಂತು. "ಸಾಕಮ್ಮ, ಬಿಡಿ, ಇನ್ನೊಂದು ದಿನ ನೋಡೋಣ" ಅಂದರು ಟೆಕ್ನೀಷಿಯನ್. ಅಮ್ಮ ಕೊಳವೆ ಬಿಡಲಿಲ್ಲ. ಕೆಮ್ಮು ನಿಲ್ಲುವ ತನಕ ಒಂದು ಕೈ ಎತ್ತಿ, ತಡೀರಿ ಅಂತ ಸನ್ನೆ ಮಾಡಿದರು. ಆಮೇಲೆ ಹೇಳಿದರು: "ಇನ್ನೊಂದ್ಸಲ ಊದ್ತೀನಿ. ನನ್ ಮಗಳಿಗೂ ಶುರುವಾಗಿದೆ." ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ ಊದಿದರು. ಮೂರೂ ಸರಿಯಾಗಿ ಬಂದವು.

ನನ್ನ ಕಂಪ್ಯೂಟರಿನಲ್ಲಿ ಆ ಅಮ್ಮ ಒಂದು ಸಾಲು. ಯಾವ ಸಾಲು ಅಂತ ನನಗೆ ಗೊತ್ತಿಲ್ಲ. ಆ ಫೈಲ್ ತೆರೆದಾಗಲೆಲ್ಲ ಇದರಲ್ಲಿ ಎಲ್ಲೋ ಅವರಿದ್ದಾರೆ ಅಂತ ನೆನಪಾಗುತ್ತದೆ. ಅಮ್ಮ, ನನ್ನ ಮೊದಲ ನಮಸ್ಕಾರ ನಿಮಗೆ. ನಿಮ್ಮ ಹಾಗೆ ಊದಿದ ಪ್ರತಿಯೊಬ್ಬರಿಗೂ.

ಆ ಟೆಕ್ನೀಷಿಯನ್‌ಗೂ. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುವುದು. "ಊದಿ, ಊದಿ, ಊದಿ, ಇನ್ನೂ ಇದೆ, ಬಿಡಬೇಡಿ, ಇನ್ನೂ ಇದೆ" ಅಂತ ದಿನವಿಡೀ ಅವರ ದನಿ ಕಾರಿಡಾರಿನ ಕೊನೆಯವರೆಗೂ ಕೇಳುತ್ತದೆ. ಯಂತ್ರ ಎಷ್ಟೇ ಒಳ್ಳೆಯದಿರಲಿ, ಪಕ್ಕದಲ್ಲಿ ನಿಂತವರು ಹುರಿದುಂಬಿಸದಿದ್ದರೆ ಜನ ಅರ್ಧಕ್ಕೇ ನಿಲ್ಲಿಸುತ್ತಾರೆ. ಆಗ ಚೆನ್ನಾಗಿರುವ ಶ್ವಾಸಕೋಶವೂ ಕೆಟ್ಟಿರುವ ಹಾಗೆ ಕಾಣುತ್ತದೆ, ಮುಂದಿನ ಲೆಕ್ಕವೆಲ್ಲ ಹಾಳು. ನನ್ನ ಪೇಪರ್‌ಗಳಲ್ಲಿ ಒಳ್ಳೆಯದು ಏನಿದೆಯೋ ಅದರ ಅಡಿಪಾಯ ಅಣ್ಣನ ಗಂಟಲು.

ಇನ್ನೊಬ್ಬರ ಬಗ್ಗೆ ಹೇಳುವ ಮೊದಲು ಒಂದು ಹಳೆಯ ಕತೆ ಹೇಳಬೇಕು. ನಮ್ಮ ವಿಷಯಕ್ಕೆ ಬರುವ ಹೊಸಬರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಸ್ವೀಡನ್ನಿನಲ್ಲಿ ಕಾರ್ಲ್-ಬರ್ಟಿಲ್ ಲೌರೆಲ್ ಮತ್ತು ಸ್ಟೆನ್ ಎರಿಕ್ಸನ್ ಅಂತ ಇಬ್ಬರು ರಕ್ತದ ಪ್ರೋಟೀನ್‌ಗಳು ಗೆರೆಗಳಾಗಿ ಮೂಡುವ ಪರೀಕ್ಷೆಯ ಪಟ್ಟಿಗಳನ್ನು ನೋಡುತ್ತಿದ್ದರು. ಸುಮಾರು 1500 ಪಟ್ಟಿಗಳು. ಅದರಲ್ಲಿ 5 ಪಟ್ಟಿಗಳಲ್ಲಿ ಇರಬೇಕಾದ ಒಂದು ಗೆರೆ ಇರಲಿಲ್ಲ. ಆ 5 ಜನರಲ್ಲಿ 3 ಮಂದಿಗೆ ಎಂಫಿಸೀಮಾ, ಅಂದರೆ ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ. 1963ರಲ್ಲಿ ಇದು ಅಚ್ಚಾಯಿತು. ಆಲ್ಫಾ-1 ಆಂಟಿಟ್ರಿಪ್ಸಿನ್ ಅನ್ನುವ ಪ್ರೋಟೀನಿನ ಕೊರತೆ ಲೋಕಕ್ಕೆ ಗೊತ್ತಾಗಿದ್ದು ಹೀಗೆ. ಶ್ವಾಸಕೋಶವನ್ನು ಕಾಯುವ ಪ್ರೋಟೀನ್ ರಕ್ತದಲ್ಲಿ ಸಾಕಷ್ಟು ಇಲ್ಲದಿದ್ದರೆ ಏನಾಗುತ್ತದೆ ಅಂತ ತೋರಿಸಿಕೊಟ್ಟದ್ದು, ಇಲ್ಲದ ಗೆರೆಯನ್ನು ಗಮನಿಸಿದ ಕಣ್ಣು.

ಅಂಥ ಕಣ್ಣು ನಮ್ಮ ಲ್ಯಾಬಿನಲ್ಲೂ ಇತ್ತು. ಆಗಷ್ಟೇ ಸೇರಿದ್ದ ಕಿರಿಯ ಸಹೋದ್ಯೋಗಿ. ಡಿಎನ್‌ಎ ಮಾದರಿಗಳನ್ನು 96 ಗುಳಿಗಳ ಪ್ಲೇಟಿನಲ್ಲಿ ಹಾಕಿ ಓದಿಸುತ್ತೇವೆ. ಉದ್ದಕ್ಕೆ 12, ಅಡ್ಡಕ್ಕೆ 8. ಎಕ್ಸ್ ಕ್ರೋಮೋಸೋಮ್ ನೋಡಿದರೆ ಮಾದರಿ ಗಂಡಸಿನದೋ ಹೆಂಗಸಿನದೋ ಗೊತ್ತಾಗುತ್ತದೆ. ಅದನ್ನು ರಿಜಿಸ್ಟರಿನ ಜೊತೆ ಹೋಲಿಸಿ ನೋಡುವುದು ಮಾಮೂಲಿ ಕೆಲಸ. ಉಳಿದ ಪ್ಲೇಟುಗಳೆಲ್ಲ ಸರಿ ಇದ್ದವು. ಒಂದು ಪ್ಲೇಟಿನಲ್ಲಿ ಮಾತ್ರ ಸುಮಾರು ಅರ್ಧದಷ್ಟು ತಾಳೆಯಾಗಲಿಲ್ಲ. ಆ ಮಾದರಿಗಳನ್ನು ತೆಗೆದುಹಾಕಿ ಮುಂದೆ ಹೋಗೋಣ ಅಂತ ನಾನೇ ಹೇಳಿದ್ದೆ. ಅವರು ಮಾರನೇ ದಿನ ಎರಡು ಹಾಳೆ ಹಿಡಿದುಕೊಂಡು ಬಂದರು. ಎರಡರಲ್ಲೂ ಪೆನ್ಸಿಲ್ಲಿನಲ್ಲಿ 96 ಚೌಕ. ಹೆಂಗಸರಿಗೆ ಚುಕ್ಕೆ, ಗಂಡಸರಿಗೆ ಗೆರೆ. ಒಂದು ರಿಜಿಸ್ಟರಿನ ಪ್ರಕಾರ, ಇನ್ನೊಂದು ಡಿಎನ್‌ಎ ಪ್ರಕಾರ. "ಮೇಡಂ, ಈ ಹಾಳೆ ತಿರುಗಿಸಿ ನೋಡಿ" ಅಂದರು. ಮೇಲಿನದು ಕೆಳಗೆ ಬರುವ ಹಾಗೆ ತಿರುಗಿಸಿದೆ. ಎರಡೂ ಹಾಳೆ ಒಂದೇ ಆಗಿಬಿಟ್ಟವು. 96ಕ್ಕೆ 96.

ಪ್ಲೇಟನ್ನು ಯಾರೋ ಹಿಂದುಮುಂದಾಗಿ ಇಟ್ಟಿದ್ದರು. ತಾಳೆಯಾದಂತೆ ಕಂಡ ಉಳಿದ ಅರ್ಧವೂ ಬೇರೆಯವರದೇ ಆಗಿತ್ತು, ಗಂಡೋ ಹೆಣ್ಣೋ ಅನ್ನುವುದು ಮಾತ್ರ ಅಕಸ್ಮಾತ್ತಾಗಿ ಹೊಂದಿತ್ತು. ನಾನು ಹೇಳಿದ ಹಾಗೆ ಮಾಡಿದ್ದರೆ ಒಬ್ಬರ ಉಸಿರಿನ ಲೆಕ್ಕಕ್ಕೆ ಇನ್ನೊಬ್ಬರ ಡಿಎನ್‌ಎ ಅಂಟಿಕೊಂಡೇ ಉಳಿಯುತ್ತಿತ್ತು. ಅಷ್ಟು ಹೊತ್ತಿಗೆ ಒಂದು ಸಮ್ಮೇಳನಕ್ಕೆ ಸಾರಾಂಶ ಕಳಿಸಿಯಾಗಿತ್ತು. ವಾಪಸ್ ತೆಗೆದುಕೊಂಡೆವು. ಎಲ್ಲವನ್ನೂ ಮತ್ತೆ ಮೊದಲಿಂದ ಮಾಡಲು 4 ತಿಂಗಳು ಹಿಡಿಯಿತು. ಆ ಪೇಪರ್ ಬಂದಾಗ ಅವರ ಹೆಸರನ್ನು ಲೇಖಕರ ಪಟ್ಟಿಯಲ್ಲಿ ಹಾಕಲಿಲ್ಲ, ಕೊನೆಯಲ್ಲಿ ಬರುವ ಕೃತಜ್ಞತೆಯ ಸಾಲಿನಲ್ಲಿ ಹಾಕಿದೆವು. ಆ ಸಾಲಿನಲ್ಲಿರುವವರಿಗೆ ಸೈಟೇಶನ್ ಲೆಕ್ಕ ಸಿಗುವುದಿಲ್ಲ. ಅದು ನನ್ನ ತಪ್ಪು. ಅವರ ಹೆಸರು ಲೇಖಕರ ಜೊತೆ ಇರಬೇಕಿತ್ತು. ಅವರಿಗೆ ನೇರವಾಗಿ ಹೇಳಿ ಕ್ಷಮೆ ಕೇಳಿದ್ದೇನೆ, ಇಲ್ಲಿ ಎಲ್ಲರ ಮುಂದೆಯೂ ಕೇಳುತ್ತೇನೆ. ಆಮೇಲೆ ಬಂದ ಪೇಪರ್‌ಗಳಲ್ಲಿ ಅವರಿದ್ದಾರೆ. ಆ ಎರಡು ಹಾಳೆ ನನ್ನ ಮೇಜಿನ ಡ್ರಾಯರಿನಲ್ಲಿ ಈಗಲೂ ಇವೆ.

ಇನ್ನು, ಪೇಪರ್ ಅಚ್ಚಾಗುವ ಮೊದಲು ಅದನ್ನು ಓದಿ ಪರಿಶೀಲಿಸಿದ, ಹೆಸರೇ ಗೊತ್ತಿಲ್ಲದ ಒಬ್ಬ ವಿಮರ್ಶಕರು. ಸಿಒಪಿಡಿ ಜೊತೆ ನಂಟು ಇರುವ ಒಂದು ಜಾಗ 15ನೇ ಕ್ರೋಮೋಸೋಮಿನಲ್ಲಿದೆ. ನಿಕೋಟಿನ್ ಅಂಟಿಕೊಳ್ಳುವ ರಿಸೆಪ್ಟರ್‌ಗಳ ಜೀನ್‌ಗಳು ಇರುವುದೂ ಅಲ್ಲೇ. ಅದರ ಬಗ್ಗೆ ನಾವು ಉತ್ಸಾಹದಿಂದ ಬರೆದು ಕಳಿಸಿದ್ದೆವು. ಅವರು ಕೇಳಿದ್ದು ಇಷ್ಟೇ: ಇದು ಶ್ವಾಸಕೋಶವನ್ನು ಕೆಡಿಸುವ ಜೀನೋ, ಸಿಗರೇಟು ಜಾಸ್ತಿ ಸೇದಿಸುವ ಜೀನೋ? ಸಿಗರೇಟು ಮುಟ್ಟದವರನ್ನೇ ಬೇರೆ ಮಾಡಿ ನೋಡಿ. ನೋಡಿದೆವು. ಅವರಲ್ಲಿ ನಮ್ಮ ನಂಟು ಕಾಣಲಿಲ್ಲ. ಎರಡು ದಿನ ಯಾರ ಜೊತೆಯೂ ಮಾತಾಡುವ ಮನಸ್ಸಿರಲಿಲ್ಲ ನನಗೆ. ಆಮೇಲೆ ಪೇಪರನ್ನು ಬೇರೆ ಥರ ಬರೆದೆವು, ಆಗಲೇ ಅದು ನಿಜವಾದ ಪೇಪರ್ ಆಯಿತು. ಜನ ಈಗ ಅದನ್ನು ಹೆಸರಿಸುವುದು ಆ ಪ್ರಶ್ನೆಯಿಂದ ಹುಟ್ಟಿದ ಟೇಬಲ್‌ಗಾಗಿ. ನೀವು ಯಾರೇ ಇರಿ, ದೊಡ್ಡ ಥ್ಯಾಂಕ್ಸ್.

ನನ್ನ ಗೈಡ್‌ಗೆ ಏನು ಹೇಳಿದರೂ ಕಡಿಮೆ, ಒಂದೇ ವಿಷಯ ಹೇಳುತ್ತೇನೆ. ಡಿಎನ್‌ಎಯಲ್ಲಿ ಲಕ್ಷಾಂತರ ಜಾಗಗಳನ್ನು ಒಟ್ಟಿಗೆ ನೋಡುವಾಗ ಅಕಸ್ಮಾತ್ತಾಗಿ ಕಾಣುವ ನಂಟುಗಳೂ ಸಾವಿರಾರು. ಅದಕ್ಕೇ, ಒಂದು ನಂಟು ಅಕಸ್ಮಾತ್ತಾಗಿ ಕಾಣುವ ಸಾಧ್ಯತೆ 2 ಕೋಟಿಯಲ್ಲಿ 1ಕ್ಕಿಂತ ಕಡಿಮೆ ಇದ್ದರೆ ಮಾತ್ರ ಒಪ್ಪುವುದು ಅಂತ ಕಟ್ಟುನಿಟ್ಟಿನ ಗೆರೆ ಹಾಕಿಕೊಂಡಿದ್ದೇವೆ. ಆ ಗೆರೆ ಬರುವ ಮೊದಲು ಅಸ್ತಮಾಕ್ಕೆ ಈ ಜೀನ್ ಕಾರಣ, ಆ ಜೀನ್ ಕಾರಣ ಅಂತ ಬಂದ ಎಷ್ಟೋ ಪೇಪರ್‌ಗಳು ಇನ್ನೊಂದು ಗುಂಪಿನ ಜನರಲ್ಲಿ ನೋಡಿದಾಗ ನಿಲ್ಲಲಿಲ್ಲ. ಅಂಥದ್ದೊಂದನ್ನು ನಾವೂ ಪರೀಕ್ಷಿಸಿದೆವು, ಸಿಗಲಿಲ್ಲ. ನಾನು ಫೈಲ್ ಮುಚ್ಚಿಡಲು ಹೊರಟಿದ್ದೆ. "ಬರೀರಿ. ಇಲ್ಲದಿದ್ರೆ ಇನ್ಯಾರೋ ಇದನ್ನೇ ಮಾಡ್ತಾ ಎರಡು ವರ್ಷ ಕಳೀತಾರೆ" ಅಂದರು ಗೈಡ್. ಆ ಪೇಪರಿಗೆ ಇವತ್ತಿಗೂ ಬಂದಿರುವುದು 9 ಸೈಟೇಶನ್. ನನ್ನ ಪಟ್ಟಿಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದೇ.

ಸಾವಿರದ ಲೆಕ್ಕವನ್ನೂ ಬಿಡಿಸಿ ಹೇಳಿಬಿಡುತ್ತೇನೆ, ಮುಚ್ಚಿಡುವುದು ಸರಿಯಲ್ಲ ಅಲ್ವಾ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಬಹಳ ತಂಡಗಳು ಸೇರಿ ಮಾಡಿದ ಎರಡು ಪೇಪರ್‌ಗಳಿಂದ. ಅಲ್ಲಿ ಲೇಖಕರ ಪಟ್ಟಿಯೇ ಒಂದು ಪುಟ, ಮಧ್ಯದಲ್ಲಿ ಎಲ್ಲೋ ನಾನು. ಈಗಿನ ದೊಡ್ಡ ಕೆಲಸಗಳು ಹಾಗೇ ಆಗುವುದು. 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ 4 ಲಕ್ಷ ಜನರ ಊದಿದ ಲೆಕ್ಕ ಸೇರಿತ್ತು, ಶ್ವಾಸಕೋಶದ ಶಕ್ತಿಗೆ ನಂಟಿರುವ 279 ಜಾಗಗಳು ಸಿಕ್ಕವು. ಯಾವ ಒಂದು ಲ್ಯಾಬಿನಿಂದಲೂ ಇದು ಸಾಧ್ಯವಿಲ್ಲ. ತಮ್ಮ ಡೇಟಾವನ್ನು ಮುಚ್ಚಿಟ್ಟುಕೊಳ್ಳದೆ ಹಂಚಿಕೊಂಡ ಎಲ್ಲ ತಂಡಗಳಿಗೂ ನಮಸ್ಕಾರ.

ನನ್ನನ್ನು ಹೆಸರಿಸಿದವರ ಜೊತೆ ನಾನು ಹೆಸರಿಸಿದವರನ್ನೂ ನೆನೆಯಬೇಕು. ಈ ದಾರಿಗೆ ನಾನು ಬಂದದ್ದೇ 2011ರ ಒಂದು ಪೇಪರ್ ಓದಿ. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಪಲ್ಮನರಿ ಫೈಬ್ರೋಸಿಸ್ ಕಾಯಿಲೆಗೂ, ಲೋಳೆ ತಯಾರಿಸುವ ಎಂಯುಸಿ5ಬಿ ಜೀನಿನ ಪಕ್ಕದ ಒಂದೇ ಒಂದು ಅಕ್ಷರದ ಬದಲಾವಣೆಗೂ ಬಲವಾದ ನಂಟಿದೆ ಅಂತ ಅದು ತೋರಿಸಿತು. ಆಮೇಲೆ ಇನ್ನೊಂದು ಗೊತ್ತಾಯಿತು. ಆ ಬದಲಾವಣೆ ಇರುವವರಿಗೆ ಕಾಯಿಲೆ ಬರುವುದು ಜಾಸ್ತಿ, ಆದರೆ ಕಾಯಿಲೆ ಬಂದವರಲ್ಲಿ ಹೆಚ್ಚು ಕಾಲ ಬದುಕುವುದೂ ಅವರೇ. ಇದು ಯಾಕೆ ಹೀಗೆ ಅನ್ನುವ ಪ್ರಶ್ನೆ ನನ್ನನ್ನು ಇವತ್ತಿಗೂ ಬೆಳಗ್ಗೆ ಎಬ್ಬಿಸುತ್ತದೆ.

ಕಾಯಿಲೆ ಇರುವವರು ಕೇಳುತ್ತಾರೆ, ನಿಮ್ಮ ಪೇಪರಿನಿಂದ ಔಷಧಿ ಬಂತಾ ಅಂತ. ನನ್ನದರಿಂದ ಇನ್ನೂ ಬಂದಿಲ್ಲ. ಹುಟ್ಟಿನಿಂದಲೇ ಬಂದು ಶ್ವಾಸಕೋಶದಲ್ಲಿ ಲೋಳೆ ಗಟ್ಟಿಯಾಗಿ ಕಟ್ಟಿಕೊಳ್ಳುವ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯನ್ನೇ ನೋಡಿ, ಅದರ ಸಿಎಫ್‌ಟಿಆರ್ ಜೀನ್ ಸಿಕ್ಕಿದ್ದು 1989ರಲ್ಲಿ. ಆ ಜೀನ್ ತಯಾರಿಸುವ ಪ್ರೋಟೀನಿನ ತೊಂದರೆಯನ್ನೇ ಸರಿಮಾಡುವ ಮೊದಲ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ, ಅದೂ ಕೆಲವೇ ಕೆಲವರಿಗೆ ಆಗುವಂಥದ್ದು. ಹೆಚ್ಚಿನವರಿಗೆ ಆಗುವ ಮೂರು ಔಷಧಿಗಳ ಜೋಡಣೆ ಬಂದದ್ದು 2019ರಲ್ಲಿ. ಹುಡುಕಿದ್ದಕ್ಕೂ ಇದಕ್ಕೂ 30 ವರ್ಷ. ಇಷ್ಟು ದೂರದ ದಾರಿ ಅಂತ ಗೊತ್ತಿದ್ದೂ ರಕ್ತ ಕೊಟ್ಟವರು, ಊದಿದವರು ನೀವು. ಅದು ನನಗೆ ಸಾವಿರಕ್ಕಿಂತ ದೊಡ್ಡದು.

ಮನೆಯವರಿಗೂ ಥ್ಯಾಂಕ್ಸ್. ಉಳಿದದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಕೊನೆಗೆ ಒಂದು ವಿಷಯ. ಮೊದಲ ಸುತ್ತಿನಲ್ಲಿ ಊದಿದವರನ್ನು ಈ ವರ್ಷ ಮತ್ತೆ ಕರೆಯುತ್ತಿದ್ದೇವೆ. ಒಂದು ಸಲದ ಲೆಕ್ಕದಿಂದ ಶ್ವಾಸಕೋಶ ಈಗ ಹೇಗಿದೆ ಅಂತ ಮಾತ್ರ ಗೊತ್ತಾಗುತ್ತದೆ. ಕೆಲವು ವರ್ಷ ಬಿಟ್ಟು ಮತ್ತೆ ನೋಡಿದರೆ ಎಷ್ಟು ಬೇಗ ಕುಗ್ಗುತ್ತಿದೆ ಅಂತ ತಿಳಿಯುತ್ತದೆ. ನಮಗೆ ಈಗ ಬೇಕಾಗಿರುವುದು ಅದು. ಪತ್ರ ಬಂದವರು, ಆಗುವುದಾದರೆ, ಬನ್ನಿ. ಆಗದಿದ್ದರೆ ಬೇಡ ಅನ್ನಲು ಸಂಕೋಚ ಬೇಡ. ಅದೇ ಕೋಣೆ, ಅದೇ ಮೂಗಿನ ಕ್ಲಿಪ್. ಅಣ್ಣ ಇನ್ನೂ ಅಲ್ಲೇ ಇದ್ದಾರೆ, ದನಿಯೂ ಹಾಗೇ ಇದೆ.