ರಾಮಾಚಾರಿ ಮೇಷ್ಟ್ರ ಮಾತು ಕೇಳಿದ್ದ

ಮಾನ್ಯ ಸಂಪಾದಕರೇ,

ಎರಡು ವಾರದಿಂದ ನಿಮ್ಮ ಪತ್ರಿಕೆಯಲ್ಲಿ 'ನಾಗರಹಾವು' ಸಿನಿಮಾ ಬಗ್ಗೆ ಬರುತ್ತಿರುವ ಓದುಗರ ಪತ್ರಗಳನ್ನು ಒಂದೂ ಬಿಡದೆ ಓದಿದ್ದೇನೆ. ರಾಮಾಚಾರಿಯಂಥ ಪುಂಡನನ್ನು ಹೀರೋ ಮಾಡಿದ್ದರಿಂದಲೇ ಹುಡುಗರು ಕೆಟ್ಟರು ಅಂತ ಒಬ್ಬರು ಬರೆದಿದ್ದಾರೆ. ಜಲೀಲ ಅನ್ನುವ ಪೋಕರಿ ಬೀದಿಯಲ್ಲಿ ಹುಡುಗಿಯನ್ನು ಅಡ್ಡಗಟ್ಟಿ 'ಬುಲ್ ಬುಲ್' ಅಂದರೆ ಈಗಲೂ ಶಿಳ್ಳೆ ಹೊಡೆಯುವುದು ಸರಿಯಲ್ಲ ಅಂತ ಇನ್ನೊಬ್ಬರು ಬರೆದಿದ್ದಾರೆ, ಆ ಮಾತು ನಿಜ. ಆದರೆ ಜಾಸ್ತಿ ಜನ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ರಾಮಾಚಾರಿ ತನ್ನ ಮೇಷ್ಟ್ರ ಮಾತು ಮೀರಿದ, ಅದಕ್ಕೇ ಹಾಳಾದ, ಚಾಮಯ್ಯ ಮೇಷ್ಟ್ರಂಥವರು ಈಗ ಎಲ್ಲಿದ್ದಾರೆ ಅಂತ. ಇದನ್ನು ಓದಿ ನನಗೆ ಸುಮ್ನೆ ಕೂರಲು ಆಗಲಿಲ್ಲ.

ನಾನು ಚಿತ್ರದುರ್ಗ ಜಿಲ್ಲೆಯವನು. ಸಿನಿಮಾ ಬಿಡುಗಡೆಯಾಗಿದ್ದು 1972ರ ಡಿಸೆಂಬರ್ ಕೊನೆಯಲ್ಲಿ, ನಮ್ಮೂರ ಟೆಂಟಿಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ನನಗೆ ಆಗ ಹದಿನೈದು ವರ್ಷ. ನೆಲದ ಟಿಕೆಟ್ ತಗೊಂಡು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತು ನೋಡಿದ್ದೆ. ನಮ್ಮ ಕೋಟೆ, ನಮ್ಮ ಬಂಡೆ, ನಾವು ಓಡಾಡಿದ ಜಾಗಗಳೆಲ್ಲ ಪರದೆ ಮೇಲೆ ಬಂದರೆ ಹೇಗಾಗಬೇಡ. ಜಯಂತಿ ಓಬವ್ವನಾಗಿ ಒನಕೆ ಎತ್ತಿದಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕೈ ಮುಗಿದರು. ರಾಮಾಚಾರಿಯಾದ ವಿಷ್ಣುವರ್ಧನ್ ಆಗ ಯಾರಿಗೂ ಗೊತ್ತಿಲ್ಲದ ಹುಡುಗ, ಜಲೀಲನಾದ ಅಂಬರೀಶ್‌ಗೆ ಅದೇ ಮೊದಲ ಸಿನಿಮಾ. ಹೊರಗೆ ಬರುವಾಗ ನಾವೆಲ್ಲ ಹುಡುಗರು ಕುತ್ತಿಗೆ ಕೊಂಕಿಸಿಕೊಂಡೇ ನಡೆದೆವು.

ಆಗ ನನಗೂ ಕೊನೆಯ ದೃಶ್ಯ ನೋಡಿ, ಅಯ್ಯೋ ಮೇಷ್ಟ್ರು ಹೇಳಿದಂಗೆ ಕೇಳಬಾರದಿತ್ತಾ ಅನ್ನಿಸಿತ್ತು. ಆಮೇಲೆ ನಾನೇ ಮೇಷ್ಟ್ರಾದೆ. 33 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ 2018ರಲ್ಲಿ ನಿವೃತ್ತನಾದೆ. ಬೀಳ್ಕೊಡುಗೆ ದಿನ ಮೂವರು ಭಾಷಣದಲ್ಲಿ ನನ್ನನ್ನು 'ನಮ್ಮೂರ ಚಾಮಯ್ಯ ಮೇಷ್ಟ್ರು' ಅಂದರು. ಕಣ್ಣಲ್ಲಿ ನೀರು ಬಂತು. ಅದೇ ವರ್ಷ ಜುಲೈನಲ್ಲಿ ಸಿನಿಮಾವನ್ನು ಹೊಸ ತಂತ್ರಜ್ಞಾನದಲ್ಲಿ ಮತ್ತೆ ಬಿಡುಗಡೆ ಮಾಡಿದರಲ್ಲ, ಬೆಂಗಳೂರಿನಲ್ಲಿ ಮಗಳ ಜೊತೆ ಹೋಗಿ ನೋಡಿದೆ. ಆಚೆ ಬಂದು ಕಾಫಿ ಕುಡಿಯುವಾಗ ಅವಳು ಕೇಳಿದಳು, "ಅಪ್ಪಾ, ರಾಮಾಚಾರಿ ಮೊದಲನೇ ಸಲ ಮೇಷ್ಟ್ರ ಮಾತು ಕೇಳಿದ್ನಲ್ಲ, ಅದರಿಂದ ಯಾರಿಗೆ ಒಳ್ಳೇದಾಯ್ತು?"

ಇದು ಅಷ್ಟು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ ನೋಡಿ. ಕಾಲೇಜಿನ ಪ್ರಿನ್ಸಿಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟಿ ಹಾಕಿದ ಹುಡುಗ ಅವನು. ಯಾರ ಬೈಗುಳಕ್ಕೂ, ಯಾರ ಏಟಿಗೂ ಜಗ್ಗದವನು. ಅಂಥವನು ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಟ್ಟಿದ್ದು ಮೇಷ್ಟ್ರು ಪ್ರೀತಿಯಿಂದ ಕೇಳಿಕೊಂಡರು ಅನ್ನುವ ಒಂದೇ ಕಾರಣಕ್ಕೆ. ಬಿಟ್ಟುಕೊಟ್ಟ ಮೇಲೆ ಏನಾಯ್ತು? ಕಟ್ಟಿಕೊಂಡ ಗಂಡನೇ ಅವಳನ್ನು ಮೈ ಮಾರುವ ದಾರಿಗೆ ತಳ್ಳಿದ. ಮುಂದೊಂದು ದಿನ ರಾಮಾಚಾರಿ ಅವಳನ್ನು ಹೋಟೆಲ್ಲಿನಲ್ಲಿ ಆ ಸ್ಥಿತಿಯಲ್ಲಿ ನೋಡುತ್ತಾನೆ. ಅದಾದ ಮೇಲೆ, ಅವನು ಎರಡನೇ ಸಲ ಪ್ರೀತಿಸಿದ ಮಾರ್ಗರೆಟ್ ವಿಷಯಕ್ಕೆ ಅದೇ ಮೇಷ್ಟ್ರು ಮತ್ತೆ ಅಡ್ಡ ಬಂದರೆ ಅವನು ಹೇಗೆ ಒಪ್ಪಬೇಕಿತ್ತು ಹೇಳಿ. ಬೆಟ್ಟದ ಮೇಲೆ ಅವನು ಎದುರು ಮಾತಾಡಿದ್ದು ಪುಂಡಾಟಿಕೆ ಅಲ್ಲ. ಒಮ್ಮೆ ಮಾತು ಕೇಳಿ ಕೈ ಸುಟ್ಟುಕೊಂಡವನ ಮಾತು ಅದು. ಮೇಷ್ಟ್ರು ಬಿದ್ದು ಸತ್ತರು, ಹಿಂದೆಯೇ ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಹಾರಿದರು, ಜನ ಮನೆಗೆ ಹೋಗುವಾಗ ಆ ಬೀಳುವುದೊಂದೇ ನೆನಪಿನಲ್ಲಿ ಉಳಿಯುತ್ತದೆ, ಅಲಮೇಲು ಮರೆತೇ ಹೋಗುತ್ತಾಳೆ.

ಚಾಮಯ್ಯ ಮೇಷ್ಟ್ರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆ ಪಾತ್ರ ಮಾಡಿದ ಅಶ್ವತ್ಥ್ ಅವರ ಆ ದನಿ, ಆ ನೋಟ ನೋಡಿದ ಯಾರೂ ಹಾಗನ್ನಲಾರರು. ತಾಯಿಯಂತೆ ರಾಮಾಚಾರಿಗೆ ಉಣಬಡಿಸುವ ಮೇಷ್ಟ್ರ ಹೆಂಡತಿ ತುಂಗಮ್ಮನಾಗಿ ಲೀಲಾವತಿ ಅವರೂ ಹಾಗೆಯೇ. ಮಕ್ಕಳಿಲ್ಲದ ಆ ದಂಪತಿ ಅವನನ್ನು ಮಗನಿಗಿಂತ ಹೆಚ್ಚಾಗಿ ನೋಡಿಕೊಂಡರು. ನನ್ನ ತಕರಾರು ಇರುವುದೇ ಅಲ್ಲಿ. ಈ ಹುಡುಗ ನನ್ನ ಮಾತು ತೆಗೆದುಹಾಕಲ್ಲ ಅಂತ ಗೊತ್ತಿದ್ದೇ ಮೇಷ್ಟ್ರು ಕೇಳಿದರು. ಮೂಲ ಕಾದಂಬರಿ ಬರೆದ ತ.ರಾ.ಸು. ಅವರಿಗೆ ಸಿನಿಮಾ ಹಿಡಿಸದೆ, ನಾಗರಹಾವನ್ನು ಕೇರೆಹಾವು ಮಾಡಿದರು ಅಂದರಂತೆ. ಹಾವಿನ ಹಲ್ಲು ಕಿತ್ತಿದ್ದು ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅಲ್ಲ, ಕಥೆಯೊಳಗಿನ ಮೇಷ್ಟ್ರೇ ಅಂತ ನನಗೆ ಅನ್ನಿಸುತ್ತದೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ನನ್ನ ಹತ್ತಿರ ಒಬ್ಬ ಹುಡುಗ ಓದುತ್ತಿದ್ದ. ಕೈಗೆ ಸಿಕ್ಕ ರೇಡಿಯೋ, ಪಂಪ್‌ಸೆಟ್ ಮೋಟರು ಎಲ್ಲ ಬಿಚ್ಚಿ ಜೋಡಿಸುತ್ತಿದ್ದ. ಹತ್ತನೇ ಕ್ಲಾಸ್ ಮುಗಿದ ಮೇಲೆ ಐಟಿಐ ಸೇರುತ್ತೇನೆ ಅಂತ ಹಟ ಹಿಡಿದ. ಅಪ್ಪನಿಗೆ ಪಿಯುಸಿ ಸೈನ್ಸ್ ಆಗಬೇಕಿತ್ತು. "ನೀವು ಒಂದು ಮಾತು ಹೇಳಿ ಸಾರ್, ನಿಮ್ಮ ಮಾತು ಅವನು ಮೀರಲ್ಲ" ಅಂತ ನನ್ನ ಹತ್ತಿರ ಬಂದರು. ನಾನು ಹೇಳಿದೆ. ಹುಡುಗ ಸ್ಟಾಫ್ ರೂಮಿನಲ್ಲಿ ನಿಂತು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಇದ್ದ, ಮುಖ ಮೇಲೆತ್ತಲಿಲ್ಲ. ಕೊನೆಗೆ "ಆಯ್ತು ಸಾರ್" ಅಂದ. ಎರಡು ಸಲ ಫೇಲಾಗಿ ಊರು ಬಿಟ್ಟು ಹೋದ. ಊರಿಗೆ ಬಂದರೂ ಇವತ್ತಿನವರೆಗೆ ನಮ್ಮ ಮನೆಗೆ ಬಂದಿಲ್ಲ. ಬೀಳ್ಕೊಡುಗೆ ದಿನ ನನ್ನನ್ನು ಚಾಮಯ್ಯ ಮೇಷ್ಟ್ರು ಅಂದ ಮೂವರಲ್ಲಿ ಅವನ ಅಪ್ಪನೂ ಒಬ್ಬರು.

ಹಾಗಾಗಿ ರಾಮಾಚಾರಿಯನ್ನು ಮಾತು ಕೇಳದವನು ಅಂತ ಬರೆಯುವವರು ದಯವಿಟ್ಟು ಇನ್ನೊಂದು ಸಲ ಸಿನಿಮಾ ನೋಡಿ. ಸಂಪಾದಕರಲ್ಲೂ ಒಂದು ಕೇಳಿಕೆ ಇದೆ. ಇಲ್ಲಿಯವರೆಗೆ ಬಂದ ಪತ್ರಗಳಲ್ಲಿ ರಾಮಾಚಾರಿ ಬಗ್ಗೆ, ಮೇಷ್ಟ್ರ ಬಗ್ಗೆ, ಜಲೀಲನ ಬಗ್ಗೆ ಕೂಡ ಬರೆದಿದ್ದಾರೆ. ಅಲಮೇಲುವಿನ ಕಡೆಯಿಂದ ಯೋಚಿಸಿ ಬರೆದ ಒಂದು ಪತ್ರವೂ ನನ್ನ ಕಣ್ಣಿಗೆ ಬೀಳಲಿಲ್ಲ. ಹೆಣ್ಣುಮಕ್ಕಳು ಯಾರಾದರೂ ಬರೆದು ಕಳಿಸಿದ್ದರೆ ಈ ವಾರ ನನ್ನ ಪತ್ರ ಬಿಟ್ಟು ಅದನ್ನೇ ಹಾಕಿ.

— ನಿವೃತ್ತ ಹೈಸ್ಕೂಲ್ ಶಿಕ್ಷಕ, ಹೊಸದುರ್ಗ