ಅಮ್ಮನಿಗೆ, ಬಾವಿ ಪಕ್ಕದ ಹೂವಿನ ವಿಷಯ

ಲಂಡನ್

ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಊಟ ತಿಂಡಿ ಸರಿಯಾಗಿದೆ. ನಿನ್ನ ಕಾಗದ ಸಿಕ್ಕಿತು.

ಬಾವಿ ಪಕ್ಕ ಯಾವುದೋ ಹೂ ಅರಳಿ ನಾತ ಹೊಡೆಯಿತು ಅಂತ, ಪುಟ್ಟಿ ಸಂಬಂಧಕ್ಕೆ ಬರಬೇಕಿದ್ದ ಸಕಲೇಶಪುರದವರಿಗೆ ‘ಈಗ ಬರಬೇಡಿ’ ಅಂದುಬಿಟ್ಟೆಯಾ? ಅಪಶಕುನ ಅಂದಿದ್ದು ಸಾವಿತ್ರತ್ತೆಯೇ ಇರಬೇಕು. ಎಲೆ ಇಲ್ಲ, ನೆಲದಿಂದಲೇ ಎದ್ದಿದೆ, ಕಂದು ನೇರಳೆ ಬಣ್ಣ, ನೊಣ ಮುತ್ತಿದೆ ಅಂತ ಬರೆದಿದ್ದೀಯ. ಅದು ಸುವರ್ಣಗೆಡ್ಡೆ ಹೂವು ಅಮ್ಮ! ನಾವು ವರ್ಷಾ ವರ್ಷ ಕಿತ್ತು ಹುಳಿ ಮಾಡಿಬಿಡುತ್ತೇವೆ, ಹೂ ಬಿಡೋಕೆ ಬಿಟ್ಟಿದ್ದೇವಾ? ಆ ಮೂಲೆಯದನ್ನು ಯಾರೂ ಕೀಳಲಿಲ್ಲ, ಚೆನ್ನಾಗಿ ಬಲಿತಿತ್ತು. ಮೊದಲ ಮಳೆ ಬಿದ್ದ ಮೇಲೆ ಅರಳಿದೆ. ಕೊಳೆತ ಮಾಂಸ ಇದೆ ಅಂತ ಮೋಸಹೋಗಿ ಜೀರುಂಡೆ, ನೊಣ ಬರುತ್ತವೆ. ಪರಾಗ ಮೆತ್ತಿಕೊಂಡು ಇನ್ನೊಂದು ಹೂವಿಗೆ ಹೋಗುತ್ತವೆ. ನಾತ ಇರುವುದು ಅದಕ್ಕೇ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಬಾಡಿಹೋಗಿರುತ್ತದೆ.

ಇದರ ದಾಯಾದಿ ಇಲ್ಲಿ ಕ್ಯೂ ಗಾರ್ಡನ್ ಅನ್ನೋ ಸಸ್ಯೋದ್ಯಾನದಲ್ಲಿದೆ. ಟೈಟನ್ ಆರಮ್, ಸುಮಾತ್ರಾ ಕಾಡಿನದು. 3 ಮೀಟರ್‌ವರೆಗೂ ಬೆಳೆಯುತ್ತದೆ, ಹೂ ಬಿಡೋಕೆ ವರ್ಷಗಟ್ಟಲೆ ಕಾಯಿಸುತ್ತದೆ. 1889ರಲ್ಲಿ ಇಲ್ಲಿ ಮೊದಲು ಅರಳಿತಂತೆ. 1926ರಲ್ಲಿ ಅರಳಿದಾಗ ಜನ ಜಾಸ್ತಿಯಾಗಿ ಪೊಲೀಸರನ್ನು ಕರೆಸಿದರಂತೆ. ಈಗಲೂ ಟಿಕೆಟ್ ತಗೊಂಡು, ಸಾಲಲ್ಲಿ ನಿಂತು, ಸತ್ತ ಹೆಗ್ಗಣದಂಥ ನಾತ ಕುಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ನಿಂತಿದ್ದೆ. ‘ಇದರ ತಂಗಿಯನ್ನು ನಾವು ಬೇಯಿಸಿ ತಿನ್ನುತ್ತೇವೆ’ ಅಂದರೆ ಪಕ್ಕದ ಹೆಂಗಸು ನಂಬಲೇ ಇಲ್ಲ!

ಶಕುನ ಅಂತೀಯಲ್ಲ, ಫ್ರಾನ್ಸಿನಲ್ಲಿ ಸೇವಂತಿಗೆಯನ್ನು ನವೆಂಬರ್ 1ಕ್ಕೆ ಸಮಾಧಿ ಮೇಲೆ ಇಡುತ್ತಾರೆ. ಯಾರ ಮನೆಗೂ ಉಡುಗೊರೆ ಒಯ್ಯುವುದಿಲ್ಲ. ಹಾಗಂತ ಪುಟ್ಟಿ ಮದುವೆಗೆ ಸೇವಂತಿಗೆ ಹಾರ ಬೇಡ ಅಂತೀಯಾ?

ಅಮ್ಮ, ನಿಜ ಹೇಳು. ಅಡ್ಡ ಬಂದಿದ್ದು ಹೂವಾ, ದುಡ್ಡಾ? ಕಾಫಿ ದುಡ್ಡು ಇನ್ನೂ ಕೈಗೆ ಬಂದಿಲ್ಲ ಅಂತ ಸೀನಣ್ಣ ಫೋನಲ್ಲಿ ಅಂದ. ಅದೇ ಆದರೆ ನೇರವಾಗಿ ಬರಿ. ನಾನು ಕಳಿಸುತ್ತೇನೆ. ನನಗೇನೂ ಕಷ್ಟ ಇಲ್ಲ, ಖಂಡಿತ ಇಲ್ಲ. ಬಾಡಿಗೆ ಕಟ್ಟಿ ಮಿಕ್ಕಿದ್ದು ಸುಮ್ನೆ ಬ್ಯಾಂಕಿನಲ್ಲಿ ಬಿದ್ದಿದೆ. ರಾತ್ರಿ ಕೆಲಸವೂ ಬಿಟ್ಟಿದ್ದೇನೆ, ಅಂದರೆ ಹೆಚ್ಚುಕಮ್ಮಿ ಬಿಟ್ಟಿದ್ದೇನೆ. ಅಪ್ಪನಿಗೆ ಇದನ್ನೆಲ್ಲ ಹೇಳಬೇಡ.

ಆಷಾಢ ಬಂದರೆ ಮತ್ತೆ ಒಂದು ತಿಂಗಳು ಕೂರಬೇಕು, ಅಷ್ಟರಲ್ಲಿ ಅವರು ಬೇರೆ ಕಡೆ ನೋಡಿಬಿಟ್ಟರೆ? ಪುಟ್ಟಿಗೆ ಹುಡುಗ ಒಪ್ಪಿಗೆಯಾ ಅಂತ ಕೇಳಿ, ಇವತ್ತೇ ಅವರಿಗೆ ಫೋನ್ ಮಾಡಿಸು. ಗೆಡ್ಡೆ ಕೀಳಬೇಡಿ, ಇರಲಿ.

ಬಸ್ಸಿಗೆ ಹೊತ್ತಾಯಿತು, ಉಳಿದದ್ದು ಆಮೇಲೆ.

ನಿನ್ನ
ರಘು